ಎರಡನೆಯ ಯಂತ್ರಕ್ಕೆ ಬಟ್ಟೆ ತೊಡಿಸಿದವಳು

ಆ ಊರಿನ ವಿದ್ಯುದಾಗಾರದ ಚರಿತ್ರೆಯನ್ನು ಬರೆದವರು ಅಣೆಕಟ್ಟಿನ ಎತ್ತರವನ್ನು ಬರೆದಿದ್ದಾರೆ, ಕಾಲುವೆಯ ಉದ್ದವನ್ನು ಬರೆದಿದ್ದಾರೆ, ಬೆಟ್ಟದಿಂದ ಇಳಿಯುವ ಎರಡು ಕಬ್ಬಿಣದ ಕೊಳವೆಗಳ ಸುತ್ತಳತೆಯನ್ನೂ ಬಿಟ್ಟಿಲ್ಲ. ಹೊಲಿಗೆಯಕ್ಕನನ್ನು ಬಿಟ್ಟಿದ್ದಾರೆ. ಬಿಟ್ಟವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಅವರು ಯಂತ್ರವನ್ನು ಹೊರಗಿನಿಂದ ನೋಡಿದವರು. ಆಕೆಯ ಕೆಲಸ ಯಂತ್ರದ ಒಳಗಿತ್ತು.

ಆಕೆ ದರ್ಜಿಯ ಮಗಳು. ಎಂಟನೆಯ ವಯಸ್ಸಿಗೇ ತಂದೆಯ ಅಂಗಡಿಯಲ್ಲಿ ಕಾಜಾ ಹೊಲಿಯಲು ಕುಳಿತವಳು. ಆ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಬಾಗಿಲು ಹಾಕುವ ಮೊದಲು ಗುಂಡುಸೂಜಿಗಳನ್ನು ಎಣಿಸಬೇಕು. ಒಟ್ಟು ಇಪ್ಪತ್ತನಾಲ್ಕು. ಹಿಂದೊಮ್ಮೆ ವಕೀಲರೊಬ್ಬರು ಹೊಸ ಷರಾಯಿ ತೊಟ್ಟು ತುಂಬಿದ ಸಭೆಯಲ್ಲಿ ಕುರ್ಚಿಯ ಮೇಲೆ ಕುಳಿತವರು ಕುಳಿತಷ್ಟೇ ವೇಗವಾಗಿ ಮೇಲೆದ್ದಿದ್ದರಂತೆ. ಸಭೆ ಗೊಳ್ಳೆಂದು ನಕ್ಕಿತು. ದರ್ಜಿ ಮಾತ್ರ ಒಂದು ವಾರ ತಲೆ ಎತ್ತಿ ನಡೆಯಲಿಲ್ಲ. ಅಂದಿನಿಂದ ಎಣಿಕೆ. ಒಂದು ಕಡಿಮೆಯಾದರೂ ಅದು ಸಿಗುವವರೆಗೆ ಯಾರಿಗೂ ಊಟವಿಲ್ಲ. ಮಗಳು ಮದುವೆಯಾಗಿ ಹೊರಟಾಗ ತಂದೆ ಕೊಟ್ಟದ್ದು ಒಂದು ಕತ್ತರಿ, ಬಿದ್ದ ಸೂಜಿಗಳನ್ನು ಆಯುವ ಒಂದು ಸೂಜಿಗಲ್ಲು, ಮತ್ತು ತಗಡಿನ ಡಬ್ಬಿಯಲ್ಲಿ ಆ ಇಪ್ಪತ್ತನಾಲ್ಕು ಉಕ್ಕಿನ ಗುಂಡುಸೂಜಿಗಳು.

ಗಂಡ ವಿದ್ಯುದಾಗಾರದಲ್ಲಿ ಕೊಳವೆ ಕಾಯುವವನು. ಬೆಟ್ಟದ ಮೇಲಿನ ಕೊಳದಿಂದ ಕೆಳಗಿನ ಯಂತ್ರದ ಮನೆಯವರೆಗೆ ಕೊಳವೆಗಳ ಪಕ್ಕದಲ್ಲಿ ಏಳುನೂರು ಮೆಟ್ಟಿಲುಗಳಿದ್ದವು. ದಿನಕ್ಕೆ ಎರಡು ಸಲ ಅವನ್ನು ಹತ್ತಿಳಿದು, ಎಲ್ಲಿಯಾದರೂ ನೀರು ಜಿನುಗುತ್ತಿದೆಯೇ ಎಂದು ನೋಡುವುದು ಅವನ ಕೆಲಸ. ಕೆಲಸಗಾರರ ಸಾಲುಮನೆಗಳಲ್ಲಿ ಅವರದು ಕಡೆಯದು. ಅದರ ಹಿಂದಿನ ಗೋಡೆಗೂ ಯಂತ್ರದ ಮನೆಯ ಗೋಡೆಗೂ ನಡುವೆ ಒಂದು ಕೈಗಾಡಿ ಹೋಗುವಷ್ಟು ಜಾಗ. ಯಂತ್ರಗಳ ಗುಂಯ್ ಎಂಬ ಸದ್ದು ಪಾತ್ರೆಗಳಲ್ಲಿ, ಮಂಚದ ಕಾಲುಗಳಲ್ಲಿ, ಕುಡಿಯುವ ನೀರಿನಲ್ಲಿಯೂ ಇರುತ್ತಿತ್ತು. ಹೊಲಿಗೆಯಕ್ಕ ಕಿಟಕಿಯ ಬಳಿ ಕುಳಿತು ಕೆಲಸಗಾರರ ಅಂಗಿಗಳಿಗೆ ತೇಪೆ ಹಾಕುತ್ತಿದ್ದಳು. ಹೆಸರು ಬಂದದ್ದು ಹಾಗೆ.

ವಿದ್ಯುತ್ತು ಬಂದ ಹೊಸತರಲ್ಲಿ ಊರಿಗೆ ಅದರ ಮೇಲೆ ಅರ್ಧ ಮೋಹ, ಅರ್ಧ ಭಯ. ದೀಪ ಉರಿಯುವಾಗ ಗುಂಡಿಯನ್ನು ಮುಟ್ಟಲು ಕೈಗೆ ಬಟ್ಟೆ ಸುತ್ತಿಕೊಳ್ಳುವವರಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಭಯ ಹೋಗಿ ಜಂಬ ಬಂತು. ನೂಲಿನ ಗಿರಣಿ, ಆಸ್ಪತ್ರೆಯ ನೀರಿನ ಪಂಪು, ಬೀದಿಯ ದೀಪ, ಎಲ್ಲವೂ ಆ ಎರಡು ಯಂತ್ರಗಳನ್ನೇ ನೆಚ್ಚಿದ್ದವು. ಮೂರನೆಯ ವರ್ಷದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಸಿಡಿಲು ತಂತಿಗೆ ಹೊಡೆಯಿತು. ಎರಡನೆಯ ಯಂತ್ರ ಕೆಮ್ಮಿತು, ಹೊಗೆ ಉಗುಳಿತು, ನಿಂತಿತು. ಅದರ ಒಳಗಿನ ತಾಮ್ರದ ಸುರುಳಿಗಳಿಗೆ ಸುತ್ತಿದ್ದ ಬಟ್ಟೆಯೆಲ್ಲ ಸುಟ್ಟು ಕರಕಲಾಗಿತ್ತು. ಅರ್ಧ ಊರು ಕತ್ತಲಾಯಿತು.

ಯಂತ್ರ ಮಾಡಿದ ಕಂಪನಿ ಸಮುದ್ರದಾಚೆ ಇತ್ತು. ಹೊಸ ಸುರುಳಿಗಳು ಬರಲು ಎಂಟು ತಿಂಗಳು ಎಂದು ಉತ್ತರ ಬಂತು. ಸಣ್ಣ ಮೈಯ, ಕಿವಿಯ ಮೇಲೆ ಸದಾ ಪೆನ್ಸಿಲು ಸಿಕ್ಕಿಸಿಕೊಂಡಿರುತ್ತಿದ್ದ ದೊಡ್ಡ ಎಂಜಿನಿಯರು ನಗರಸಭೆಯ ಮುಂದೆ ನಿಂತು, "ತಾಮ್ರ ಕೆಟ್ಟಿಲ್ಲ, ಬಟ್ಟೆ ಮಾತ್ರ ಸುಟ್ಟಿದೆ. ನಲವತ್ತು ದಿನ ಕೊಡಿ, ಇಲ್ಲಿಯೇ ಸುತ್ತಿಸುತ್ತೇನೆ" ಎಂದು ಮಾತು ಕೊಟ್ಟರು. ನಲವತ್ತು ದಿನಕ್ಕೆ ಆಗದಿದ್ದರೆ ಕಂಪನಿಗೇ ಬರೆಯುವುದೆಂದು ಸಭೆ ತೀರ್ಮಾನಿಸಿತು.

ಸುರುಳಿ ಕೋಣೆಯ ಮೇಸ್ತ್ರಿ ಮೊದಲು ಗಂಡಸರಿಂದಲೇ ಸುತ್ತಿಸಿದ. ಸುತ್ತಿಗೆ ಹಿಡಿದ ಕೈಗಳು. ಪಟ್ಟಿ ಮೂಲೆಗಳಲ್ಲಿ ಸುಕ್ಕಾಗಿ ನಿಂತಿತು. ಐದು ದಿನ ಹಾಳಾಯಿತು. ಆರನೆಯ ದಿನ ಮೇಸ್ತ್ರಿ ತನ್ನ ಕೋಟನ್ನು ತೊಡುತ್ತಿದ್ದವನು ಅದರ ಕಾಲರಿನ ಅಂಚನ್ನು ನೋಡಿ ನಿಂತುಬಿಟ್ಟ. ವಾರದ ಹಿಂದೆ ಹೊಲಿಗೆಯಕ್ಕ ಅದಕ್ಕೆ ಹೊಸ ಪಟ್ಟಿ ಕಟ್ಟಿದ್ದಳು. ಬಾಗಿದ ಅಂಚಿನ ಉದ್ದಕ್ಕೂ ಒಂದು ಸುಕ್ಕಿರಲಿಲ್ಲ. ಕೋಟನ್ನು ಕೈಯಲ್ಲಿಯೇ ಹಿಡಿದುಕೊಂಡು ಸಾಲುಮನೆಗೆ ಬಂದ.

"ಅಕ್ಕ, ಇದನ್ನ ಮಾಡಿದ್ದು ನೀವೇ ತಾನೆ?"

"ಏನಾಯ್ತು, ಬಿಚ್ಚಿಹೋಯ್ತಾ?"

"ಬಿಚ್ಚಿಹೋಗಲಿಲ್ಲ, ಅದೇ ಆಶ್ಚರ್ಯ. ಇದೇ ಕೆಲಸ ತಾಮ್ರದ ಮೇಲೆ ಮಾಡಬೇಕು. ಎಪ್ಪತ್ತೆರಡು ಸುರುಳಿ. ಆಗತ್ತಾ?"

"ತಾಮ್ರ ಗಿರಾಕಿಯ ಹಾಗೆ ಅಲ್ಲಾಡಲ್ಲ ತಾನೆ? ಆಗತ್ತೆ."

ಹೀಗೆ ಹೊಲಿಗೆಯಕ್ಕ, ಅವಳ ನಾದಿನಿ, ಸಾಲುಮನೆಯ ಇನ್ನೂ ಮೂವರು ಹೆಂಗಸರು, ಒಟ್ಟು ಐದು ಮಂದಿ ಆ ಉದ್ದನೆಯ ಕೋಣೆಗೆ ಬಂದರು. ಗಂಡಸರ ಕೋಣೆಗಳಲ್ಲಿ ನಗು ಎದ್ದಿತು. "ಯಂತ್ರಕ್ಕೆ ಲಂಗ ಹೊಲೀತಾರಂತೆ" ಎಂದು ಒಬ್ಬ ಕೂಗಿದ. ನಾದಿನಿಯ ನಾಲಿಗೆ ಸಾಲುಮನೆಯಲ್ಲೆಲ್ಲ ಹೆಸರಾದದ್ದು. "ಅಳತೆ ಕೊಡು, ಉಳಿದ ಬಟ್ಟೇಲಿ ನಿನಗೂ ಒಂದು ಆಗತ್ತೆ" ಎಂದಳು. ಆಮೇಲೆ ಯಾರೂ ಕೂಗಲಿಲ್ಲ.

ಕೆಲಸ ಹೀಗಿತ್ತು. ಇಬ್ಬರು ತಾಮ್ರದ ಸುರುಳಿಗೆ ವಿದ್ಯುತ್ತನ್ನು ತಡೆಯುವ ಅಭ್ರಕದ ಹಾಳೆ ಹಾಸಬೇಕು. ಇನ್ನಿಬ್ಬರು ಅದರ ಮೇಲೆ ಹತ್ತಿಯ ಪಟ್ಟಿಯನ್ನು ಸುತ್ತಬೇಕು. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಕಡೆಗೆ ಹೊಲಿಗೆಯಕ್ಕ ಮೂಲೆಗಳನ್ನು ತಿರುಗಿಸಿ, ಪಟ್ಟಿಯ ತುದಿಯನ್ನು ಮಡಿಸಿ, ದಾರದಿಂದ ಹೊಲಿದು ಮುಗಿಸಬೇಕು. ಆಮೇಲೆ ಸುರುಳಿ ವಾರ್ನಿಷಿನಲ್ಲಿ ಮುಳುಗಿ, ಒಲೆಯಲ್ಲಿ ಒಣಗಿ, ಕಪ್ಪಗೆ ಗಟ್ಟಿಯಾಗಿ ಹೊರಬರುತ್ತಿತ್ತು. ಕಪ್ಪಾದ ಮೇಲೆ ಯಾವ ದಿನದ್ದು ಯಾವುದೆಂದು ತಿಳಿಯದು. ಆದ್ದರಿಂದ ಹೊಲಿಗೆಯಕ್ಕ ಪ್ರತಿ ಸುರುಳಿಯ ತುದಿಯಲ್ಲಿ ದಿನದ ಲೆಕ್ಕಕ್ಕೆ ಉಬ್ಬುಹೊಲಿಗೆ ಹಾಕುತ್ತಿದ್ದಳು: ಮೊದಲ ದಿನದ್ದಕ್ಕೆ ಒಂದು, ಏಳನೆಯ ದಿನದ್ದಕ್ಕೆ ಏಳು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತಿತ್ತು.

ಮೊದಲ ದಿನವೇ ಮೇಸ್ತ್ರಿ ಒಂದು ನಿಯಮ ಹೇಳಿದ್ದ. "ಈ ಕೋಣೆಗೆ ಲೋಹ ಬರಕೂಡದು. ಒಡವೆ ಇದ್ದರೆ ಮನೇಲಿ ಬಿಟ್ಟು ಬನ್ನಿ. ಕತ್ತರಿ ಮೇಜಿಗೆ ಸರಪಳಿಯಲ್ಲಿ ಕಟ್ಟಿದೆ. ಹೊಲಿಯೋ ಸೂಜಿ ಒಂದೇ, ಅದೂ ಸಂಜೆ ನನ್ನ ಕೈಗೆ ಬರಬೇಕು. ಒಂದು ಚೂರು ಲೋಹ ಸುತ್ತಿನೊಳಗೆ ಉಳಿದರೆ ಇಡೀ ಯಂತ್ರ ಮತ್ತೆ ಸುಟ್ಟುಹೋಗತ್ತೆ." ಹೊಲಿಯುವಾಗ ಪಟ್ಟಿಯ ತುದಿ ಜಾರದಿರಲು ಅಂಟು ಹಚ್ಚಬೇಕಿತ್ತು. ಅಂಟು ಒಣಗಲು ಒಂದು ಗಂಟೆ ಬೇಕು. ದಿನಕ್ಕೆ ಎರಡು ಸುರುಳಿಗಿಂತ ಹೆಚ್ಚು ಆಗುತ್ತಿರಲಿಲ್ಲ. ಎಂಟು ದಿನ ಕಳೆದಾಗ ಹೊಲಿಗೆಯಕ್ಕ ಲೆಕ್ಕ ಹಾಕಿದಳು. ಈ ವೇಗದಲ್ಲಿ ನಲವತ್ತು ದಿನ ಮುಗಿದರೂ ಯಂತ್ರದ ಹೊಟ್ಟೆ ತುಂಬದು. ಒಂಬತ್ತನೆಯ ದಿನ ಆಕೆ ತಂದೆಯ ತಗಡಿನ ಡಬ್ಬಿಯನ್ನೂ ಸೂಜಿಗಲ್ಲನ್ನೂ ಸೊಂಟದಲ್ಲಿ ಸಿಕ್ಕಿಸಿಕೊಂಡು ಬಂದಳು. ತುದಿಯನ್ನು ಗುಂಡುಸೂಜಿಯಿಂದ ಹಿಡಿಸಿ, ಹೊಲಿದು, ಸೂಜಿಯನ್ನು ಕಿತ್ತರೆ ಆಯಿತು. ಎರಡಿದ್ದದ್ದು ನಾಲ್ಕಾಯಿತು, ಕೆಲವು ದಿನ ಆರೂ ಆಯಿತು. ಮೇಸ್ತ್ರಿಯನ್ನು ಕೇಳಲಿಲ್ಲ. ಕೇಳಿದ್ದರೆ ಆತ ಬೇಡವೆನ್ನುತ್ತಿದ್ದ, ಆದ್ದರಿಂದಲೇ ಕೇಳಲಿಲ್ಲ. ತನ್ನ ಎಣಿಕೆಯ ಮೇಲೆ ಆಕೆಗೆ ಅಷ್ಟು ಭರವಸೆ.

ಹನ್ನೊಂದನೆಯ ದಿನ ಮೂರು ಗಂಟೆಗೆ ಗಂಡ ಮೆಟ್ಟಿಲಿನಲ್ಲಿ ಜಾರಿ ಕಾಲು ಉಳುಕಿಸಿಕೊಂಡ ಸುದ್ದಿ ಬಂತು. ಡಬ್ಬಿಯನ್ನು ನಾದಿನಿಯ ಕೈಗೆ ಕೊಟ್ಟು, "ಎಣಿಸಿ ತಾ" ಎಂದು ಹೇಳಿ ಓಡಿದಳು. ಸಂಜೆ ನಾದಿನಿ ಡಬ್ಬಿ ತಂದಳು. "ಇಪ್ಪತ್ತನಾಲ್ಕು" ಎಂದಳು. ಹೊಲಿಗೆಯಕ್ಕ ಬೆರಳಲ್ಲೇ ಮತ್ತೊಮ್ಮೆ ಎಣಿಸಿದಳು. ಇಪ್ಪತ್ತನಾಲ್ಕೇ ಇದ್ದವು.

ಹದಿನಾರನೆಯ ದಿನ, ಕೆಲಸ ಮುಗಿಯುವ ಗಂಟೆ ಹೊಡೆಯುವ ಹೊತ್ತಿಗೆ, ಡಬ್ಬಿ ಕೈಜಾರಿ ನೆಲಕ್ಕೆ ಬಿತ್ತು. ಆಕೆ ಸೂಜಿಗಲ್ಲನ್ನು ಹಲಗೆಗಳ ಮೇಲೆ ಆಡಿಸಿದಳು. ಸೂಜಿಗಳು ಟಪಟಪನೆ ಹಾರಿ ಕಲ್ಲಿಗೆ ಅಂಟಿದವು. ಒಂದು ಮಾತ್ರ ಮೇಲೇಳದೆ ಮಲಗಿತ್ತು. ಕಲ್ಲನ್ನು ಅದರ ನೆತ್ತಿಯ ಮೇಲೆಯೇ ಹಿಡಿದಳು. ಅಲುಗಲಿಲ್ಲ. ಎತ್ತಿ ಬೆಳಕಿಗೆ ಹಿಡಿದಾಗ ಹಳದಿ ಬಣ್ಣ ಕಂಡಿತು. ಹಿತ್ತಾಳೆಯದು. ದಿನಕ್ಕೆ ಬೇಕಾಗುತ್ತಿದ್ದದ್ದು ನಾಲ್ಕಾರು ಸೂಜಿ, ಉಳಿದವು ಡಬ್ಬಿಯ ತಳದಲ್ಲೇ ಇರುತ್ತಿದ್ದವು.

"ಇದು ಯಾರದು?" ಎಂದಳು.

ನಾದಿನಿಯ ಕೈ ತನ್ನಷ್ಟಕ್ಕೆ ಕೊರಳಿನ ಹತ್ತಿರ ಹೋಯಿತು. "ನನ್ನ ರವಿಕೆಯ ಕಾಲರಿನದು ಅತ್ತಿಗೆ. ಅವತ್ತು ಅಣ್ಣ ಬಿದ್ದ ದಿನ ಎಣಿಸಿದ್ರೆ ಇಪ್ಪತ್ತಮೂರೇ ಇತ್ತು. ಮೇಜಿನ ಕೆಳಗೆಲ್ಲ ತೆವಳಿ ಹುಡುಕಿದೆ. ಅಣ್ಣ ಕಾಲು ಹಿಡ್ಕೊಂಡು ನರಳ್ತಿರೋವಾಗ ನೀವು ಒಂದು ಸೂಜಿಗೋಸ್ಕರ ಮನೆ ತಲೆ ಮೇಲೆ ಹೊತ್ಕೋತೀರಲ್ಲ ಅಂತ ನಂದೊಂದು ಹಾಕಿಬಿಟ್ಟೆ. ಎಣಿಕೆ ಸರಿಹೋಯ್ತಲ್ಲ?"

"ಎಣಿಕೆ ಸರಿಹೋಯ್ತು. ಸೂಜಿ ಎಲ್ಲಿಗೆ ಹೋಯ್ತು?"

ಉಳಿದ ಮೂವರು ಪಟ್ಟಿಯ ಉಂಡೆಗಳನ್ನು ಕೈಯಲ್ಲಿಯೇ ಹಿಡಿದು ನಿಂತಿದ್ದರು.

"ಕಸದ ಜೊತೆ ಹೋಗಿರತ್ತೆ," ಎಂದಳು ನಾದಿನಿ, ಧ್ವನಿ ತಗ್ಗಿಸಿ.

"ಹೋಗಿರಬಹುದು. ಒಳಗೂ ಇರಬಹುದು."

"ಆ ದಿನದ ಸುರುಳಿಗಳೆಲ್ಲ ಯಂತ್ರದೊಳಗೆ ಕೂತಾಯ್ತು ಅತ್ತಿಗೆ! ನೀವು ಬಾಯಿ ಬಿಟ್ರೆ ನಮ್ಮ ಐದೂ ಜನಾನ ಮನೆಗೆ ಕಳಿಸ್ತಾರೆ. ನಾಳೆಯಿಂದ ಮತ್ತೆ ತೇಪೆ ಹಾಕ್ತಾ ಕೂತಿರಿ. ಹೆಂಗಸರ ಕೈಗೆ ಕೊಟ್ರೆ ಹೀಗೇ ಅಂತ ಊರೆಲ್ಲ ಅಂತಾರೆ."

ಅದು ನಿಜವಾಗಿತ್ತು. ಹೊಲಿಗೆಯಕ್ಕನಿಗೆ ನೋವಾದದ್ದು ಕೆಲಸ ಹೋಗುವುದಕ್ಕಲ್ಲ, ಆ ಕಡೆಯ ಮಾತಿಗೆ. ಹದಿನಾರು ದಿನ ಗಂಡಸರು ಕಿಟಕಿಯಲ್ಲಿ ಇಣುಕಿ, ಒಂದೂ ಸುಕ್ಕು ಹುಡುಕಲಾರದೆ ಹಿಂದಿರುಗಿದ್ದರು. ಈಗ ಆಕೆಯೇ ಅವರನ್ನು ಕರೆದು ತನ್ನ ತಪ್ಪನ್ನು ತೋರಿಸಬೇಕು.

ಮನೆಯಲ್ಲಿ ಗಂಡ ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕುಳಿತಿದ್ದ. ಎಲ್ಲವನ್ನೂ ಕೇಳಿದ ಮೇಲೆ ಗಲ್ಲ ಕೆರೆದುಕೊಂಡ.

"ಸುಮ್ಮನಿರೋದಾದ್ರೆ ಎಷ್ಟು ದಿನ ಸುಮ್ಮನಿರ್ಬೇಕು ನೀನು?"

"ಯಂತ್ರ ಓಡೋವರೆಗೆ."

"ಅಲ್ಲ ಕಣೆ, ಓಡೋಕೆ ಶುರುವಾದ ಮೇಲೆ ತಾನೆ ನಿನ್ನ ಕಷ್ಟ. ಅದು ಈ ಗೋಡೆಯ ಆಚೆಗೇ ಓಡತ್ತೆ. ನೀನು ಸಾರು ಬಡಿಸ್ತಾ ಬಡಿಸ್ತಾ ಕಿವಿ ಕೊಡ್ತೀಯ. ಸದ್ದು ಒಂಚೂರು ಬದಲಾದ್ರೆ ಸಾರು ನನ್ನ ಮೈಮೇಲೆ." ಊದಿದ ಕಾಲನ್ನು ಸವರಿಕೊಂಡು ಹೇಳಿದ, "ನಾನೊಬ್ಬ ಈಗಾಗಲೇ ಕುಂಟ. ಸುಟ್ಟಗಾಯವೂ ಬೇಡ."

ಆಕೆ ನಗಲಿಲ್ಲ. ಆದರೆ ಮರುದಿನ ಬೆಳಗ್ಗೆ ಕೆಲಸದ ಗಂಟೆಗೆ ಮೊದಲೇ ದೊಡ್ಡ ಎಂಜಿನಿಯರರ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮೇಸ್ತ್ರಿಯೂ ಅಲ್ಲಿಯೇ ಇದ್ದ. ಡಬ್ಬಿಯನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನು ಹೇಳಿದಳು. ನಾದಿನಿಯ ಮಾತೆತ್ತಲಿಲ್ಲ.

ಮೇಸ್ತ್ರಿಯ ಮುಖ ಕೆಂಪೇರಿತು. "ಲೋಹ ಬೇಡ ಅಂತ ಮೊದಲ್ನೇ ದಿನ ಹೇಳಿದ್ನೋ ಇಲ್ವೋ?"

"ಹೇಳಿದ್ರಿ."

"ಆಗ ಕಿವಿ ಎಲ್ಲಿತ್ತು?"

"ಇಲ್ಲೇ ಇತ್ತು. ಚೆನ್ನಾಗಿ ಕೇಳಿಸ್ತು. ಆದ್ರೂ ತಂದೆ."

ಮೇಸ್ತ್ರಿ ಡಬ್ಬಿಯನ್ನು ಎತ್ತಿ ಮತ್ತೆ ಮೇಜಿಗೆ ಕುಕ್ಕಿದ. ಅಷ್ಟರಲ್ಲಿ ಬಾಗಿಲನ್ನು ತಳ್ಳಿಕೊಂಡು ನಾದಿನಿ ಒಳಬಂದಳು. ಹೊರಗೆ ನಿಂತು ಕೇಳುತ್ತಿದ್ದಿರಬೇಕು. "ಅತ್ತಿಗೆ ಅರ್ಧ ಹೇಳಿದ್ದಾರೆ ಸಾರ್. ಸುಳ್ಳು ಎಣಿಕೆ ನಂದು. ಕಳಿಸೋದಾದ್ರೆ ನನ್ನ ಕಳಿಸಿ. ಅವರು ಹೋದ್ರೆ ಆ ಮೂಲೆಗಳನ್ನ ತಿರುಗ್ಸೋರು ಈ ಊರಲ್ಲಿ ಇನ್ನೊಬ್ಬರಿಲ್ಲ. ಮೇಸ್ತ್ರಿಗಳಿಗೂ ಬರೋದಿಲ್ಲ."

"ಬಾಯಿ ಮುಚ್ಚು," ಎಂದರು ಹೊಲಿಗೆಯಕ್ಕ ಮತ್ತು ಮೇಸ್ತ್ರಿ, ಒಟ್ಟಿಗೆ.

ದೊಡ್ಡ ಎಂಜಿನಿಯರು ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದರು. "ಹನ್ನೊಂದನೆಯ ದಿನದ ಸುರುಳಿಗಳು ಯಾವುವು ಅಂತ ಈಗ ಹೇಗೆ ಗೊತ್ತಾಗತ್ತೆ? ನಲವತ್ತಕ್ಕಿಂತ ಹೆಚ್ಚು ಕೂರಿಸಿದ್ದೀವಿ. ಎಲ್ಲ ಒಂದೇ ಥರ ಕಪ್ಪಗಿವೆ."

"ನನ್ನ ಬೆರಳಿಗೆ ಗೊತ್ತಾಗತ್ತೆ," ಎಂದಳು ಹೊಲಿಗೆಯಕ್ಕ.

ಯಂತ್ರದ ಮನೆಯಲ್ಲಿ, ಆಳೆತ್ತರದ ಕಬ್ಬಿಣದ ಬಳೆಯೊಳಗೆ ಆಕೆ ಮೊದಲ ಸಲ ಕಾಲಿಟ್ಟಳು. ಅದರ ಒಳಮೈಯ ಸೀಳುಗಳಲ್ಲಿ ಸುರುಳಿಗಳು ಒಂದರ ಹೆಗಲ ಮೇಲೆ ಒಂದು ಒರಗಿ ಕುಳಿತಿದ್ದವು. ಕಣ್ಣು ಮುಚ್ಚಿ ತುದಿಗಳನ್ನು ಸವರುತ್ತ ನಡೆದಳು. ಮೂರು, ಐದು, ಒಂಬತ್ತು. ಗಂಡಸರು ಕೆಲಸ ಬಿಟ್ಟು ನೋಡುತ್ತಿದ್ದರು. ಆಕೆ ನಿಂತು, ಸೀಮೆಸುಣ್ಣದಿಂದ ಒಂದು ಗುರುತು ಹಾಕಿದಳು. ಆಮೇಲೆ ಇನ್ನೊಂದು. ಒಟ್ಟು ನಾಲ್ಕು. ಸುತ್ತಲೂ ಕಬ್ಬಿಣವೇ ಇದ್ದುದರಿಂದ ಸೂಜಿಗಲ್ಲು ಅಲ್ಲಿ ಕುರುಡು. ಸುರುಳಿಗಳನ್ನು ಹೊರಗೆ ತೆಗೆಯಲೇಬೇಕು. ನಾಲ್ಕನ್ನು ತೆಗೆಯಲು ಅವುಗಳ ಮೇಲೆ ಒರಗಿದ್ದ ಇನ್ನೊಂಬತ್ತನ್ನು ಎಬ್ಬಿಸಬೇಕು. ಮೂರು ದಿನದ ಕೆಲಸ.

ಮೂರನೆಯ ದಿನ ಬೆಳಗ್ಗೆ ನಾಲ್ಕೂ ಸುರುಳಿಗಳು ಮರದ ಮೇಜಿನ ಮೇಲಿದ್ದವು. ಹೊಲಿಗೆಯಕ್ಕ ಸೂಜಿಗಲ್ಲಿಗೆ ದಾರ ಕಟ್ಟಿ, ಅದನ್ನು ಅಲುಗದಂತೆ ಹಿಡಿದು, ಸುರುಳಿಯ ಉದ್ದಕ್ಕೂ ಕೂದಲೆಳೆಯಷ್ಟು ಎತ್ತರದಲ್ಲಿ ನಡೆಸಿದಳು. ತಾಮ್ರಕ್ಕೆ ಕಲ್ಲು ಮಣಿಯುವುದಿಲ್ಲ. ಮೊದಲನೆಯದರ ಮೇಲೆ ಅದು ನೇರವಾಗಿ ತೂಗಿತು. ಎರಡನೆಯದರ ಮೇಲೂ ಹಾಗೆಯೇ. ಮೂರನೆಯದರ ಮೂಲೆಯಲ್ಲಿ ದಾರ ಓರೆಯಾಯಿತು. ಕಲ್ಲು ಪಕ್ಕಕ್ಕೆ ಸರಿದು ಟಕ್ಕೆಂದು ಕಪ್ಪು ಬಟ್ಟೆಗೆ ಅಂಟಿಕೊಂಡಿತು. ಆಕೆ ನಾಲ್ಕನೆಯದನ್ನೂ ಪರೀಕ್ಷಿಸಿದಳು. ಆಮೇಲೆಯೇ ಕತ್ತರಿ ಎತ್ತಿಕೊಂಡಳು.

ಎರಡು ಪದರ ಪಟ್ಟಿಯ ಕೆಳಗೆ ಸೂಜಿ ಮಲಗಿತ್ತು. ಮೊನೆ ಅಭ್ರಕವನ್ನು ತೂತು ಮಾಡಿ ತಾಮ್ರಕ್ಕೆ ತಾಗಿತ್ತು. ಮೇಸ್ತ್ರಿ ಬಗ್ಗಿ ಬಹಳ ಹೊತ್ತು ನೋಡಿದ. "ಪರೀಕ್ಷೆಯಲ್ಲಿ ಇದು ಬಚಾವಾಗ್ತಿತ್ತೋ ಏನೋ," ಎಂದ ನಿಧಾನವಾಗಿ. "ಆಮೇಲೆ ಒಂದು ದಿನ, ಪಕ್ಕದಲ್ಲಿ ನಾನು ನಿಂತಿರೋವಾಗ..."

ಆದರೂ ಶಿಕ್ಷೆಯನ್ನು ಆತ ಬಿಡಲಿಲ್ಲ. ನಿಯಮ ಮುರಿದದ್ದಕ್ಕೆ ಆರು ದಿನ ಹೊಲಿಗೆಯಕ್ಕ ಪಟ್ಟಿಯನ್ನು ಮುಟ್ಟಕೂಡದು. ಆಕೆ ಒಪ್ಪಿದಳು; ನ್ಯಾಯವಾದದ್ದಕ್ಕೆ ಚೌಕಾಸಿ ಮಾಡುವ ಜಾಯಮಾನ ಅವಳದಲ್ಲ. ಕೈ ಕಟ್ಟಿಕೊಂಡು ನಾದಿನಿಯ ಬೆನ್ನ ಹಿಂದೆ ನಿಂತು ಮೂಲೆ ತಿರುಗಿಸುವುದನ್ನು ಕಲಿಸಿದಳು. ಅಂಟಿಗೆ ಕಾಯುವಷ್ಟು ಸಮಯವಿರಲಿಲ್ಲ, ಗುಂಡುಸೂಜಿಯ ಮಾತೇ ಇಲ್ಲ. ಒಬ್ಬಳು ಹೆಬ್ಬೆರಳಿನಿಂದ ತುದಿಯನ್ನು ಒತ್ತಿ ಹಿಡಿಯುವುದು, ಇನ್ನೊಬ್ಬಳು ಹೊಲಿಯುವುದು ಎಂದು ಗೊತ್ತುಮಾಡಿದಳು. ಹಿಡಿದವಳ ಹೆಬ್ಬೆರಳಿಗೆ ಹೊಲಿದವಳ ಸೂಜಿ ಚುಚ್ಚದ ದಿನವಿರಲಿಲ್ಲ.

"ಅತ್ತಿಗೆ, ನೀವು ಮುಟ್ಟಬಾರದು ಅಂದ್ರು ಸರಿ, ಉಸಿರಾಡಬೇಡಿ ಅಂತಾನೂ ಹೇಳಬೇಕಿತ್ತು. ನನ್ನ ಕತ್ತಿಗೆ ಬಿಸಿ ಬಡೀತಿದೆ."

"ಅರ್ಧ ಮುಚ್ಚು ಅಂದ್ರೆ ಅರ್ಧ. ಅದು ಅರ್ಧಾನಾ? ಬಿಚ್ಚು."

ಲೆಕ್ಕಕ್ಕೆ ಎರಡು ದಿನ ತಡವಾಗುವುದು ಖಚಿತವಾಯಿತು. ದೊಡ್ಡ ಎಂಜಿನಿಯರು ನಗರಸಭೆಗೆ ಹೋಗುವ ಮುನ್ನ, ತಪ್ಪು ತಮ್ಮದೆಂದು ಬರೆದುಕೊಂಡಿದ್ದಾರೆಂಬುದು ಹೇಗೋ ಹೊಲಿಗೆಯಕ್ಕನ ಕಿವಿಗೆ ಬಿತ್ತು. ದಾರಿಯಲ್ಲಿಯೇ ಅಡ್ಡ ನಿಂತಳು.

"ಸಾರ್, ನನ್ನ ತಪ್ಪನ್ನ ನೀವು ಹೊತ್ಕೊಂಡ್ರೆ, ನಾಳೆ ಯಂತ್ರ ಓಡಿದಾಗ ಹೆಸರನ್ನೂ ನೀವೇ ಹೊತ್ಕೋಬೇಕಾಗತ್ತೆ. ನಡೆದದ್ದು ನಡೆದ ಹಾಗೆ ಹೇಳಿ."

ಅವರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಸಭೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ. ಗದ್ದಲವಾಯಿತು. "ಗುಂಡುಸೂಜಿ ಹುಡುಕೋಕೆ ಮೂರು ದಿನವೇ?" ಎಂದು ಯಾರೋ ಗೇಲಿ ಮಾಡಿದರು. ಆಗ ಗಿರಣಿಯ ಯಜಮಾನರೇ ಎದ್ದು, "ಒಳಗೆ ಸೂಜಿ ಬಿಟ್ಟು ಸುಮ್ಮನಿರೋರು ಸುತ್ತಿದ್ದಕ್ಕಿಂತ ತಾವಾಗೇ ಬಂದು ಹೇಳೋರು ಸುತ್ತಿದ ಯಂತ್ರಕ್ಕೆ ನನ್ನ ಗಿರಣಿ ಕಟ್ಟೋದು ವಾಸಿ" ಎಂದರಂತೆ. ಎರಡು ದಿನ ಸಿಕ್ಕಿತು.

ನಲವತ್ತೆರಡನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಪರೀಕ್ಷೆ. ಸುರುಳಿಗಳು ದಿನವೂ ಹೊರಬೇಕಾದ ಒತ್ತಡಕ್ಕಿಂತ ಎರಡರಷ್ಟನ್ನು ಒಂದು ನಿಮಿಷ ಹೊರಿಸಬೇಕು. ಎಲ್ಲಿಯಾದರೂ ಬಟ್ಟೆಯಲ್ಲಿ ದೋಷವಿದ್ದರೆ ಅಲ್ಲಿ ಕಿಡಿ ಸಿಡಿಯುತ್ತದೆ. ಐವರು ಹೆಂಗಸರೂ ಹಗ್ಗದಾಚೆ ಸಾಲಾಗಿ ನಿಂತರು. ಕೊಳವೆ ಕಾಯುವವನು ಊರುಗೋಲಿನೊಂದಿಗೆ ಬಂದಿದ್ದ. ಮೇಸ್ತ್ರಿ ಗಡಿಯಾರ ಹಿಡಿದು ಗಟ್ಟಿಯಾಗಿ ಎಣಿಸಿದ. ಮೂವತ್ತರಲ್ಲಿ ನಾದಿನಿ ಅತ್ತಿಗೆಯ ತೋಳನ್ನು ಹಿಡಿದುಕೊಂಡಳು. ನಲವತ್ತೈದರಲ್ಲಿ ಉಗುರು ಚುಚ್ಚಿತು. ಹೊಲಿಗೆಯಕ್ಕ ಕದಲಲಿಲ್ಲ. ಅರವತ್ತು ಎಂದಾಗ ಕೋಣೆಯಲ್ಲಿ ಕಿಡಿಯಿಲ್ಲ, ಹೊಗೆಯಿಲ್ಲ, ವಾಸನೆಯಿಲ್ಲ.

ಮಧ್ಯಾಹ್ನ ಬೆಟ್ಟದ ಮೇಲಿನ ಬಾಗಿಲು ತೆರೆದು ನೀರನ್ನು ಬಿಟ್ಟರು. ಎರಡನೆಯ ಯಂತ್ರ ಮೆಲ್ಲಗೆ ತಿರುಗಿತು, ವೇಗ ಹಿಡಿಯಿತು, ಮೊದಲನೆಯದರ ಗುಂಯ್‌ಕಾರಕ್ಕೆ ತನ್ನದನ್ನು ಸೇರಿಸಿತು. ಆ ಯಂತ್ರದ ಮನೆಯಲ್ಲಿ ಒಂದು ರೂಢಿ ಇತ್ತು: ರಿಪೇರಿಯಾದ ಯಂತ್ರದ ಪಕ್ಕದಲ್ಲಿ ಮೊದಲ ಒಂದು ಗಂಟೆ ಅದನ್ನು ಸರಿಮಾಡಿದವನೇ ಕುಳಿತುಕೊಳ್ಳಬೇಕು. ಕೆಟ್ಟರೆ ಮೊದಲು ಅವನಿಗೆ ತಗುಲಲಿ ಎಂಬುದು ಅದರ ಅರ್ಥ; ಮರ್ಯಾದೆಯೂ ಅದೇ. ಅದಕ್ಕೆಂದೇ ಅಲ್ಲೊಂದು ಮರದ ಕುರ್ಚಿ. ಈ ಮೂರು ವರ್ಷದಲ್ಲಿ ಮೇಸ್ತ್ರಿಯಲ್ಲದೆ ಬೇರೆಯವರು ಅದರಲ್ಲಿ ಕುಳಿತಿರಲಿಲ್ಲ. ಆತ ಕುರ್ಚಿಯನ್ನು ನೆಲಕ್ಕೆ ಉಜ್ಜುತ್ತ ಎಳೆದು ತಂದು ಹೊಲಿಗೆಯಕ್ಕನ ಮುಂದೆ ಇಟ್ಟ. ಲಂಗದ ಮಾತಾಡಿದ್ದವನೂ ಸೇರಿ ಎಲ್ಲರೂ ನೋಡುತ್ತಿದ್ದರು.

"ಕೂತ್ಕೊಳ್ಳಿ ಅಕ್ಕ."

ಆಕೆ ಕುಳಿತಳು. ಬೆನ್ನು ನೆಟ್ಟಗೆ, ಕೈಗಳು ಮಡಿಲಲ್ಲಿ, ಒಂದು ಗಂಟೆ. ಆಮೇಲೆ ಎದ್ದು, ಉಳಿದ ನಾಲ್ವರನ್ನೂ ಒಬ್ಬೊಬ್ಬರಾಗಿ ಅದರಲ್ಲಿ ಕೂರಿಸಿದಳು. ನಾದಿನಿಗೆ ಕಡೆಯ ಸರದಿ.

ಕೋಣೆ ಉಳಿಯಿತು. ಐವರು ಹನ್ನೊಂದು ಮಂದಿಯಾದರು. ಆಕೆ ಸುತ್ತಿದ ಸುರುಳಿಗಳು ಇಪ್ಪತ್ತಾರು ವರ್ಷ ಓಡಿದವು. ನಡುವೆ ಮೂರನೆಯ ಯಂತ್ರ ಸಮುದ್ರದಾಚೆಯಿಂದ ಬಂತು. ಅದರ ಸಂಗಡ ಬಂದ ಕಂಪನಿಯ ನಿಪುಣನಿಗೆ ಮೇಸ್ತ್ರಿ, "ಇವರೇ ನಮ್ಮ ಸುರುಳಿ ಕೋಣೆಯ ಯಜಮಾನತಿ" ಎಂದು ಪರಿಚಯ ಮಾಡಿಕೊಟ್ಟ. ಹೊಲಿಗೆಯಕ್ಕ ಪೆಟ್ಟಿಗೆಯಿಂದ ಒಂದು ಹೊಸ ಸುರುಳಿಯನ್ನು ತೆಗೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳನ್ನು ಅದರ ಉದ್ದಕ್ಕೂ ಓಡಿಸಿದಳು.

"ಕೆಟ್ಟದಾಗೇನೂ ಇಲ್ಲ," ಎಂದಳು. "ಮೂಲೆಗಳಲ್ಲಿ ಮಾತ್ರ ಸ್ವಲ್ಪ ಅವಸರ ಮಾಡಿದ್ದಾರೆ."